ಕಿತ್ತಳೆ ಪಟ್ಟಿಯ ವಾಚು

ಬಸವಂತರಾಯರ ಆ ದಿನದ ಸಕಲ ಸಂಕಟಕ್ಕೂ ಮೂಲ ಅವರ ಬಾಯಿಂದಲೇ ಹೊರಟ ಎರಡು ಮಾತು: ‘ನೀವ ತಗೋರಿ.’

ನಡೆದದ್ದು ಇಷ್ಟು. ಪರೇಲ್‌ನ ಹಳೆಯ ಮಿಲ್ಲೊಂದರ ಆವರಣದಲ್ಲಿ ಪಾರೇಖ್ ಸಾಹೇಬರ ಕಂಪನಿ. ಆಸ್ಪತ್ರೆಗಳಿಗೆ ಮಂಚ, ಗಾಲಿಕುರ್ಚಿ, ಸ್ಟ್ರೆಚರ್ ಮಾರುವುದು ಅದರ ಕೆಲಸ. ಅಲ್ಲಿ ಬಸವಂತರಾಯರೂ ಕಾಶಿನಾಥನೂ ಒಂದೇ ದಿನ ಸೇರಿದವರು. ರಾಯರು ಈಗ ಹೆಡ್ ಕ್ಲರ್ಕ್, ಕಾಶಿನಾಥ ಅವರ ಕೈಕೆಳಗಿನವನು. ಇಬ್ಬರ ನೌಕರಿಗೂ ಇಪ್ಪತ್ತೈದು ವರ್ಷ ತುಂಬಿದ ಆ ಬೆಳಿಗ್ಗೆ ಸಾಹೇಬರು ಇಬ್ಬರನ್ನೂ ಕ್ಯಾಬಿನ್ನಿಗೆ ಕರೆದು ಮೇಜಿನ ಮೇಲೆ ಎರಡು ಡಬ್ಬಿ ಇಟ್ಟರು.

ಒಂದರಲ್ಲಿ ತೆಳ್ಳಗಿನ ಕರಿಯ ಸ್ಮಾರ್ಟ್ ವಾಚು. ಸಭ್ಯ ಮನೆತನದ ಹುಡುಗಿಯ ಹಾಗೆ ತಲೆ ತಗ್ಗಿಸಿ ಕುಳಿತಿತ್ತು. ಇನ್ನೊಂದನ್ನು ನೋಡುತ್ತಲೇ ರಾಯರು ಮೇಜಿನ ಕಡೆ ಅರ್ಧ ಹೆಜ್ಜೆ ಸರಿದರು. ಟೈಟಾನಿಯಂ ಮೈ, ತೋರಬೆರಳಗಲದ ಕಿತ್ತಳೆ ಪಟ್ಟಿ, ಪಕ್ಕೆಯಲ್ಲೊಂದು ಕಿತ್ತಳೆ ಗುಂಡಿ; ಜಾತ್ರೆಗೆ ಸಿಂಗರಿಸಿದ ಹೋರಿಯಂತೆ ಡಬ್ಬಿಯೊಳಗಿಂದಲೇ ಗುಟುರು ಹಾಕುವ ಗತ್ತು.

ವಾಚು ಆರಿಸಿ ತಂದವನು ಖರೀದಿ ವಿಭಾಗದ ಸೃಜನ್. ಮುಂಬಯಿಯಲ್ಲೇ ಹುಟ್ಟಿದವನು, ಅವನ ಕನ್ನಡ ವಿರಾರ್ ಲೋಕಲ್ಲಿನ ಬಾಗಿಲಲ್ಲಿ ನೇತಾಡುವ ಪ್ರಯಾಣಿಕನ ಹಾಗೆ, ಅರ್ಧ ಒಳಗೆ ಅರ್ಧ ಹೊರಗೆ.

“ಅಂಕಲ್, ಇದು ಸ್ಟ್ಯಾಂಡರ್ಡ್. ಇದು ರಗ್ಗಡ್ ಪ್ರೀಮಿಯಂ. ನೂರು ಮೀಟರ್ ನೀರು ಒಳಗೆ ಹೋದ್ರೂ ಕುಛ್ ನಹೀ ಆಗ್ತದೆ. ಬರ್ಫ್ ಮೇಲೆ ಭೀ ನಡೀತದೆ. ನಾವು ಕಳೆದು ಹೋದ್ರೆ ಅಂದ್ರೆ ಸೈರನ್ ಭೀ ಇದೆ. ಆದ್ರೆ ನಿಮ್ಮ ಇಬ್ರಿಗೂ ಸಚ್ ಮೇ ಸ್ಟ್ಯಾಂಡರ್ಡೇ ಬಸ್ ಆಗ್ತದೆ.”

ಎರಡು ರಗ್ಗಡ್ ಕೊಡಿಸುವ ಮನಸ್ಸು ಸಾಹೇಬರಿಗಿತ್ತೋ ಇಲ್ಲವೋ, ಅಂಗಡಿಯಲ್ಲಿ ಒಂದೇ ಉಳಿದಿತ್ತಂತೆ. “ನೀವಿಬ್ಬರೂ ಒಂದೇ ಜಿಲ್ಲೆಯವರು, ಭಾಯಿ-ಭಾಯಿ. ಯಾರಿಗೆ ಯಾವುದು ಅಂತ ನೀವೇ ಮಾತಾಡಿಕೊಳ್ಳಿ. ನಾಲ್ಕು ಗಂಟೆಗೆ ಫಂಕ್ಷನ್,” ಎಂದು ಹಿಂದಿಯಲ್ಲಿ ಹೇಳಿ ಕೈ ತೊಳೆದುಕೊಂಡರು.

ರಾಯರು ಕಂಡ ಅತಿ ಆಳದ ನೀರೆಂದರೆ ಜುಲೈ ತಿಂಗಳಲ್ಲಿ ಗೋರೆಗಾಂವ್ ಸಬ್‌ವೇಯಲ್ಲಿ ಮೊಣಕಾಲಿಗೆ ಬರುವ ಕೆಸರುನೀರು. ಏರಿದ ಅತಿ ಎತ್ತರವೆಂದರೆ ದಾದರ್ ಸ್ಟೇಷನ್ನಿನ ಸೇತುವೆ. ಆದರೂ ಅವರ ಮಣಿಕಟ್ಟು ಆ ದೊಡ್ಡ ವಾಚಿಗಾಗಿ ತುರಿಸಿತು. ಅದು ತಮ್ಮದೇ ಎಂಬುದರಲ್ಲಿ ಅವರಿಗೆ ಸಂಶಯವೂ ಇರಲಿಲ್ಲ. ಆದರೆ ಬೇಕೆಂದು ಬಾಯಿಬಿಟ್ಟು ಕೇಳುವುದುಂಟೆ? ಅವರು ಬೆಳೆದ ವಿಜಯಪುರದ ಕಡೆ ಊಟಕ್ಕೆ ಕೂತವನು ಎರಡನೆಯ ಹೋಳಿಗೆಗೆ ಮೂರು ಸಲ ‘ಒಲ್ಲೆ’ ಎನ್ನಬೇಕು, ನೀಡುವವರು ನಾಲ್ಕನೆಯ ಸಲ ‘ತಗೋರಿ’ ಎಂದು ಎಲೆಗೆ ಹಾಕಿಯೇ ಬಿಡಬೇಕು. ಆ ಶಾಸ್ತ್ರದ ಪ್ರಕಾರ ರಾಯರು ದೊಡ್ಡ ಡಬ್ಬಿಯನ್ನು ಎರಡಂಗುಲ ಆಚೆ ಸರಿಸಿ, ನಗುಮುಖದಿಂದ ಅಂದರು:

“ಕಾಶಿನಾಥ, ಈ ದೊಡ್ಡದು ನೀವ ತಗೋರಿ.”

ಈಗ ಕಾಶಿನಾಥ ‘ಛೇ ಛೇ, ನೀವು ಹಿರ್ಯಾರು’ ಅನ್ನಬೇಕು. ರಾಯರು ‘ಅದೇನ್ ಹಿರೇತನ ಬಿಡ್ರಿ’ ಅನ್ನಬೇಕು. ಹೀಗೆ ಮೂರು ಸುತ್ತು ತಿರುಗಿ ಡಬ್ಬಿ ರಾಯರ ಮುಂದೆ ಬಂದು ನಿಲ್ಲಬೇಕು. ಆದರೆ ಕಾಶಿನಾಥನ ಊರು ಹೆಸರಿಗೆ ವಿಜಯಪುರವೇ ಹೊರತು ಅವನು ಬೆಳೆದದ್ದು ದಾದರ್‌ನ ಚಾಳಿನಲ್ಲಿ, ಕೊಟ್ಟಿದ್ದನ್ನು ಕೊಟ್ಟ ಕ್ಷಣವೇ ಹಿಡಿಯದಿದ್ದರೆ ಪಕ್ಕದವನು ಹಿಡಿಯುವ ಜಾಗದಲ್ಲಿ.

“ಆತ್ರಿ ರಾಯರ. ಥ್ಯಾಂಕ್ಯೂ,” ಎಂದ ಕಾಶಿನಾಥ.

ಅಷ್ಟೇ. ಸಾಹೇಬರು ಚಪ್ಪಾಳೆ ತಟ್ಟಿದರು. ಡಬ್ಬಿಗಳು ಚಾರ್ಜಿಗೆಂದು ಸೃಜನ್ ಮೇಜಿಗೆ ಹೋದವು.

ರಾಯರು ತಮ್ಮ ಕುರ್ಚಿಗೆ ಬಂದು ಕುಳಿತಾಗ ಹೊಟ್ಟೆಯಲ್ಲಿ ಯಾರೋ ಸ್ಟೋವ್ ಹಚ್ಚಿದಂತಿತ್ತು. ಅದು ಇವತ್ತಿನ ಉರಿಯಲ್ಲ. ಗೋರೆಗಾಂವ್‌ನಲ್ಲಿ ಇಬ್ಬರದೂ ಒಂದೇ ಬಿಲ್ಡಿಂಗು. ರಾಯರದು ನೆಲಮಹಡಿ, ಕಾಶಿನಾಥನದು ನಾಲ್ಕನೆಯದು. ಗಾಳಿ ಅವನಿಗೆ, ಸೊಳ್ಳೆ ಇವರಿಗೆ. ಅವನ ತಲೆಯಲ್ಲಿ ಇನ್ನೂ ಕೂದಲಿತ್ತು, ಅದೂ ಬಣ್ಣ ಹಚ್ಚದ ಕೂದಲು. ಅವನ ಮನೆಯ ಕುಕ್ಕರ್ ಕೂಡ ತಮ್ಮದಕ್ಕಿಂತ ಗಟ್ಟಿಯಾಗಿ ಸೀಟಿ ಹೊಡೆಯುತ್ತದೆಂದು ರಾಯರಿಗೆ ಎಷ್ಟೋ ಸಲ ಅನ್ನಿಸಿತ್ತು. ಶ್ರಾವಣದ ಸೋಮವಾರಗಳಲ್ಲಿ ಕನ್ನಡ ಸಂಘದ ಪುರಾಣಕ್ಕೆ ತಪ್ಪದೆ ಹೋಗಿ ಮುಂದಿನ ಸಾಲಿನಲ್ಲೇ ಕೂರುವ ಭಕ್ತರು ರಾಯರು. ಮೊನ್ನೆ ಶಾಸ್ತ್ರಿಗಳು ರಾಗ ಎಳೆದು ‘ಮತ್ಸರವೆಂಬುದು ಮನೆಯೊಳಗಿನ ಬೆಂಕಿ’ ಎಂದು ಅರ್ಥ ಬಿಡಿಸಿದಾಗ ಎಲ್ಲರಿಗಿಂತ ಹೆಚ್ಚು ತಲೆ ಆಡಿಸಿದ್ದು ಅವರೇ. ಆಗ ಅವರ ಮನಸ್ಸಿನಲ್ಲಿದ್ದದ್ದು ಕಾಶಿನಾಥನಿಗೆ ಇದು ಚೆನ್ನಾಗಿ ನಾಟಲಿ ಎಂಬುದು.

ಹನ್ನೊಂದೂವರೆಗೆ ಚಹಾ ಬಂದಾಗ ರಾಯರು ಮೊದಲ ದಾಳ ಉರುಳಿಸಿದರು.

“ಕಾಶಿನಾಥ, ನಿಮ್ಮ ಒಳ್ಳೇದಕ್ಕ ಹೇಳ್ತೀನಿ. ಆ ದೊಡ್ಡ ವಾಚ್ ಭಾಳ ವಜ್ಜಾ ಐತಿ. ದಿನಾ ಕಟ್ಟಿದ್ರ ಕೈ ಜೋತು ಬೀಳತೈತಿ. ನಮ್ಮ ಪೈಕಿ ಒಬ್ರಿಗೆ ಭುಜಾನ ಇಳದು ಹೋತು.”

“ಹೌದ್ರಿ? ಯಾರಿಗ್ರಿ?”

“ಇದಾರಲ್ಲ... ನಮ್ಮ ಅತ್ತಿ ಕಡಿಯವರು.”

“ಹಂಗಾರ ಒಂದ್ ವಾರ ಎಡಗೈ, ಒಂದ್ ವಾರ ಬಲಗೈ ಮಾಡ್ತೀನ್ರಿ ರಾಯರ. ಎಷ್ಟ್ ಕಾಳಜಿ ಮಾಡ್ತೀರಿ ನೀವು!” ಎಂದು ಕಾಶಿನಾಥ ಅವರ ಬಷಿಯಲ್ಲಿದ್ದ ಬಿಸ್ಕತ್ತನ್ನೂ ತೆಗೆದುಕೊಂಡ. ಅದನ್ನೂ ರಾಯರು ಒಂದೇ ಸಲ ‘ತಗೋರಿ’ ಎಂದಿದ್ದರು.

ಅಷ್ಟರಲ್ಲಿ ಫೋನು ಗುಣುಗುಟ್ಟಿತು. ಹೆಂಡತಿ ಶೈಲಾ.

“ರೀ, ಏನಿದು? ಮ್ಯಾಲಿನ ರಾಧಿಕಾ ಪೇಢೆ ಹಂಚಾಕತ್ತಾಳ. ‘ನಮ್ಮವರಿಗೆ ದೊಡ್ಡ ವಾಚ್ ಬಂತು, ನಿಮ್ಮವರಿಗೆ ಸಣ್ಣದು ಬಂತಂತ, ಪಾಪ’ ಅಂದ್ಲು. ಪಾಪ ಅಂದ್ಲುರಿ! ಲಿಫ್ಟ್‌ನ್ಯಾಗ, ನಾಕ್ ಮಂದಿ ಮುಂದ!”

“ಅದು ಹಂಗಲ್ಲ ಶೈಲಾ, ನಾನ ತಗೋರಿ ಅಂದೆ...”

“ನೀವ ಅಂದ್ರಿ? ಮನ್ಯಾಗ ಒಂದು ಹಪ್ಪಳ ಹೆಚ್ಚಿಗಿ ತಗೊಂಡ್ರ ಎಣಸ್ತೀರಿ, ಅಲ್ಲಿ ಧರ್ಮರಾಯ ಆದ್ರಿ? ನಾ ಆಕಿಗೆ ಏನಂದೀನಿ ಗೊತ್ತೈತೇನ್? ‘ತಪ್ಪು ತಿಳದೀರಿ, ದೊಡ್ಡದು ನಮ್ಮವರದ’ ಅಂತ ಹೇಳಿಬಿಟ್ಟೀನಿ. ಸಂಜೀಕ ಅದು ನಿಮ್ಮ ಕೈಯಾಗ ಇರಬೇಕು. ಇಲ್ಲಂದ್ರ ನಾ ಲಿಫ್ಟ್ ಹತ್ತೂದಿಲ್ಲ.”

ನೆಲಮಹಡಿಯವಳಿಗೆ ಲಿಫ್ಟು ಯಾಕೆ ಎಂದು ಕೇಳುವ ಧೈರ್ಯ ರಾಯರಿಗಾಗಲಿಲ್ಲ. ಹೆಂಡತಿಯ ಮಾನ, ತಮ್ಮ ಮಾನ, ಎರಡೂ ಈಗ ಒಂದು ಕಿತ್ತಳೆ ಪಟ್ಟಿಗೆ ಜೋತುಬಿದ್ದಿದ್ದವು.

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಅವರು ಇಂದ್ರಾಬಾಯಿಯ ಮೊರೆಹೊಕ್ಕರು. ಇಂದ್ರಾಬಾಯಿ ಸೊಲ್ಲಾಪುರದ ಕಡೆಯವರು, ಕಂಪನಿಯ ಟೆಲಿಫೋನು ನೋಡಿಕೊಳ್ಳುವವರು. ಅವರ ಕಿವಿಗೆ ಹಾಕಿದ ಮಾತು ತಂತಿಯಿಲ್ಲದೆಯೂ ಊರು ಮುಟ್ಟುತ್ತದೆಂಬುದು ಎಲ್ಲರಿಗೂ ಗೊತ್ತು. ಮತ್ಸರ ತುಂಬಿದ ತಲೆಗೆ ಮಾತ್ರ ಅದು ಹೊಳೆಯಲಿಲ್ಲ.

“ಬಾಯಿ, ನಾ ಅಂದಿದ್ದು ಉಪಚಾರಕ್ಕ. ಅವರು ತಿಳಕೋಬೇಕಿತ್ತು. ನೀವು ಸ್ವಲ್ಪ ನಾಜೂಕಾಗಿ, ನನ್ನ ಹೆಸರು ಬರದಂಗ...”

“ಕಾಳಜಿ ಕರೂ ನಕಾ ರಾಯರ, ಚಿಂತಿ ಬಿಡ್ರಿ,” ಎಂದು ಇಂದ್ರಾಬಾಯಿ ಉಪ್ಪಿನಕಾಯಿಯ ಬೆರಳು ನೆಕ್ಕಿಕೊಂಡರು. “ನಾ ಅದೀನಲ್ಲ.”

ಅವರ ನಾಜೂಕು ಹೇಗಿತ್ತೆಂದರೆ, ಎರಡು ಗಂಟೆಗೆ ಲೆಕ್ಕಪತ್ರದವನು ಬಂದು ರಾಯರ ಬೆನ್ನು ಸವರಿ, “ದಿಲ್ ಪೆ ಮತ್ ಲೋ,” ಎಂದು ಸಮಾಧಾನ ಹೇಳಿದ. ಎರಡೂಕಾಲಿಗೆ ಗೋಡೌನಿನವರು ಬಂದು, ನಾಣ್ಯ ಚಿಮ್ಮಿಸಿ ತೀರ್ಮಾನ ಮಾಡಿಬಿಡಿ ಎಂದರು. ಎರಡೂವರೆಗೆ ಯಾರೋ ಗಾಲಿಕುರ್ಚಿಯ ರೇಸು ಇಡೋಣ, ಗೆದ್ದವನಿಗೆ ರಗ್ಗಡ್ ಎಂದು ಸಲಹೆ ಕೊಟ್ಟು, ಎರಡು ಕುರ್ಚಿ ತಳ್ಳಿಕೊಂಡೂ ಬಂದರು. ಯಾರಿಗೂ ಹೆಸರು ಹೇಳದ ಇಂದ್ರಾಬಾಯಿ ಎಲ್ಲರಿಗೂ ಹೇಳಿದ್ದು ಇಷ್ಟೇ: “ಹೆಸರು ಹೇಳೂದಿಲ್ಲ ಬಾ, ಆದ್ರ ನಮ್ಮ ಹೆಡ್ ಕ್ಲರ್ಕ್ ವಾಚಿನ ಸಲುವಾಗಿ ಅನ್ನಾ ಬಿಟ್ಟಾರ.”

ಮೂರು ಗಂಟೆ. ಫಂಕ್ಷನ್ನಿಗೆ ಇನ್ನೊಂದೇ ಗಂಟೆ. ರಾಯರು ನೀರು ಕುಡಿಯಲೆಂದು ಎದ್ದವರು ಸೃಜನ್ ಮೇಜಿನ ಹತ್ತಿರ ಹಾದರು. ಸೃಜನ್ ಇಲ್ಲ. ಡಬ್ಬಿ ತೆರೆದಿದೆ. ದೊಡ್ಡ ವಾಚು ಬೆಳಗುತ್ತಿದೆ. ಒಮ್ಮೆ, ಒಂದೇ ಒಂದು ಸಲ ಕಟ್ಟಿ ನೋಡಿದರೆ ಯಾರಿಗೆ ನಷ್ಟ? ಕಳ್ಳಬೆಕ್ಕಿನ ಹೆಜ್ಜೆಯಲ್ಲಿ ಅದನ್ನು ಅಂಗಿಯ ಕೆಳಗೆ ಮುಚ್ಚಿಕೊಂಡು ಅವರು ಹಿಂದಿನ ಶೋರೂಮು ಸೇರಿದರು. ಸಾಲಾಗಿ ಮಂಚಗಳು, ಸ್ಟ್ರೆಚರುಗಳು, ನರಪಿಳ್ಳೆ ಇಲ್ಲ.

ಕಟ್ಟಿಕೊಂಡರು. ಎತ್ತಿ ನೋಡಿದರು, ಇಳಿಸಿ ನೋಡಿದರು. ಗೋಡೆಯ ಕನ್ನಡಿಯಲ್ಲಿ ಗಲ್ಲಕ್ಕೆ ಕೈಕೊಟ್ಟು ನಿಂತು ನೋಡಿದರು. ಕೂದಲು ನಾಲ್ಕು ಹೆಚ್ಚಾದಂತೆಯೇ ಕಂಡಿತು. ಆ ಖುಷಿಯಲ್ಲಿ ಕಿತ್ತಳೆ ಗುಂಡಿಯನ್ನು ಮಗುವಿನ ಮೂಗು ಹಿಂಡಿದಂತೆ ಪ್ರೀತಿಯಿಂದ ಒತ್ತಿ ಹಿಡಿದರು.

ವಾಚು ಕಿರುಚಿತು.

ಅದೇನು ಸದ್ದು! ಹಿಮಾಲಯದಲ್ಲಿ ದಾರಿ ತಪ್ಪಿದವನನ್ನು ಹುಡುಕಲೆಂದು ಮಾಡಿದ ಸೈರನ್ನು. ಮುಚ್ಚಿದ ಶೋರೂಮಿನಲ್ಲಿ ನೂರು ನವಿಲನ್ನು ಒಟ್ಟಿಗೇ ತುಳಿದಂತೆ ಕೂಗತೊಡಗಿತು. ರಾಯರು ಗುಂಡಿ ಒತ್ತಿದರು, ತಿರುಗಿಸಿದರು, ಹೊಟ್ಟೆಗೆ ಅವುಚಿಕೊಂಡರು, ಶಿವ ಶಿವಾ ಎಂದರು. ಬಿಚ್ಚಲು ಹೋದರೆ ಪಟ್ಟಿಯೂ ರಗ್ಗಡ್ಡೇ, ಬರಲೊಲ್ಲದು. ಆ ಕಡೆಯಿಂದ ಹೆಜ್ಜೆಗಳ ಸದ್ದು, ಪಾರೇಖ್ ಸಾಹೇಬರ ದನಿ. ಬೇರೆ ದಾರಿ ಕಾಣದೆ ರಾಯರು ಬಾಗಿಲ ಬಳಿಯ ಮಂಚದ ಮೇಲೆ ಉರುಳಿ ತಲೆಯಿಂದ ಕಾಲಿನವರೆಗೆ ಬಿಳಿ ಚಾದರ ಎಳೆದುಕೊಂಡರು.

ಸಾಹೇಬರ ಜೊತೆ ಬಂದಿದ್ದವರು ಗೋರೆಗಾಂವ್‌ನ ಒಂದು ಹೊಸ ಆಸ್ಪತ್ರೆಯ ಡಾಕ್ಟರಮ್ಮ. ಮಂಚ ಕೊಳ್ಳಲು ಬಂದವರು ಹೊಸ್ತಿಲಲ್ಲೇ ನಿಂತರು. ಎದುರಿಗೆ ಬಿಳಿ ಚಾದರದಡಿ ಉದ್ದಕ್ಕೆ ಮಲಗಿದ ಆಕೃತಿ, ಅದರೊಳಗಿಂದ ಪ್ರಳಯದ ಕೂಗು.

ಸಾಹೇಬರು ಚಾದರದ ತುದಿ ಎತ್ತಿದರು. ತಮ್ಮ ಹೆಡ್ ಕ್ಲರ್ಕಿನ ಮುಚ್ಚಿದ ಕಣ್ಣು, ಹಣೆಯ ವಿಭೂತಿ, ಎದೆಯ ಮೇಲೆ ಕಿತ್ತಳೆ ಪಟ್ಟಿ ಕಂಡವು. ಮೂರು ತಲೆಮಾರಿನಿಂದ ವ್ಯಾಪಾರ ಮಾಡಿಕೊಂಡು ಬಂದ ಮನೆತನ ಅವರದು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಚಾದರವನ್ನು ಮೆಲ್ಲಗೆ ಇಳಿಸಿ ತಿರುಗಿದರು.

“ಮೇಡಂ, ಇದು ನಮ್ಮ ಹೊಸ ಯೋಜನೆ. ಪೇಶಂಟ್ ಮಂಚದಲ್ಲಿ ಸ್ವಲ್ಪ ತೊಂದರೆಪಟ್ಟರೂ ಸಾಕು, ಮಂಚವೇ ನರ್ಸನ್ನು ಕರೆಯುತ್ತದೆ.”

ಅಷ್ಟರಲ್ಲಿ ಸದ್ದು ಕೇಳಿ ಓಡಿಬಂದ ಸೃಜನ್ ಒಂದೇ ನೋಟಕ್ಕೆ ಎಲ್ಲ ಅರ್ಥ ಮಾಡಿಕೊಂಡು, ಚಾದರದೊಳಗೆ ಕೈಹಾಕಿ ಏನೋ ಮಾಡಿದ. ಸೈರನ್ ನಿಂತಿತು.

“ಓ! ಸ್ಟಾಫ್ ಬಂದ ಕೂಡಲೇ ತಾನಾಗಿ ನಿಲ್ಲುತ್ತದೆಯೇ!” ಎಂದು ಡಾಕ್ಟರಮ್ಮನ ಕಣ್ಣು ಅರಳಿತು.

ಆಮೇಲೆ ಅರ್ಧ ಗಂಟೆ ರಾಯರು ಪೇಶಂಟ್ ಆದರು. ಅವರ ತಲೆಯ ಕಡೆ ಎತ್ತಿದರು, ಕಾಲಿನ ಕಡೆ ಎತ್ತಿದರು. ಎಡಕ್ಕೆ ಹೊರಳಿಸಿ ಬೆನ್ನುಹುಣ್ಣು ಹೇಗೆ ತಪ್ಪುತ್ತದೆಂದು ತೋರಿಸಿದರು. ಮಂಚವನ್ನು ಶೋರೂಮಿನ ತುಂಬ ಗಡಗಡ ಉರುಳಿಸಿದರು. ಬಾಗಿಲ ಸಂದಿಯಲ್ಲಿ ಇಂದ್ರಾಬಾಯಿಯ ಮುಖ ಒಮ್ಮೆ ಕಾಣಿಸಿತು. ಇನ್ನು ಇಡೀ ಮುಂಬಯಿಗೆ ಸುದ್ದಿ ಮುಟ್ಟಿತೆಂದು ರಾಯರು ಮತ್ತೆ ಕಣ್ಣು ಮುಚ್ಚಿದರು. “ಪೇಶಂಟ್ ಬಹಳ ಸಹಜವಾಗಿದ್ದಾನೆ,” ಎಂದು ಹೊಗಳಿ ಡಾಕ್ಟರಮ್ಮ ಸಾಹೇಬರ ಜೊತೆ ಕ್ಯಾಬಿನ್ನಿಗೆ ಹೋದರು.

ರಾಯರು ಮಂಚದಿಂದ ಇಳಿದಾಗ ಎದುರಿಗೆ ನಿಂತಿದ್ದವನು ಕಾಶಿನಾಥ. ಬೈಯುತ್ತಾನೆ, ಊರಿಗೆಲ್ಲ ಸಾರುತ್ತಾನೆ ಎಂದು ರಾಯರು ಬೆವರಿದರು. ಕಾಶಿನಾಥ ಬೈಯಲಿಲ್ಲ.

“ರಾಯರ, ನಿಮಗ ಇಷ್ಟ್ ಮನಸ್ಸಿತ್ತಂದ್ರ ಮುಂಜಾನೆ ಒಂದ್ ಮಾತ್ ಹೇಳೂದಲ್ರಿ? ಇಂದ್ರಾಬಾಯಿ ಈಗ ಹೇಳಿದ್ರು, ನೀವು ಅನ್ನಾ ಬಿಟ್ಟೀರಿ ಅಂತ. ನನಗ ಯಾವುದಾದ್ರೂ ನಡೀತೈತಿ. ಟೈಮ್ ತೋರಿಸಿದ್ರ ಸಾಕು. ದೊಡ್ಡದು ನೀವ ಇಟ್ಗೋರಿ.”

ಛೇ ಛೇ ಎನ್ನಬೇಕಾದ ಜಾಗವಿದು. ಎನ್ನಲೆಂದೇ ರಾಯರ ಬಾಯಿ ತೆರೆಯಿತು. ತುಟಿಯ ತುದಿಗೆ ಬಂದ ಉಪಚಾರವನ್ನು ಅವರು ಗುಳಿಗೆ ನುಂಗಿದಂತೆ ನುಂಗಿ, ಕೈಯನ್ನು ಬೆನ್ನ ಹಿಂದೆ ಭದ್ರ ಮಾಡಿಕೊಂಡು, “ಆತು!” ಎಂದರು. ಐವತ್ತು ವರ್ಷದ ಬದುಕಿನಲ್ಲಿ ಒಂದೇ ಮಾತಿಗೆ ಒಪ್ಪಿಕೊಂಡದ್ದು ಅದೇ ಮೊದಲು.

ಹೆಂಡತಿಗೆ ಫೋನು ಮಾಡಿ, “ಸಿಕ್ತು,” ಎಂದರು. “ಲಿಫ್ಟ್ ಹತ್ತು.”

ನಾಲ್ಕಕ್ಕೆ ಫಂಕ್ಷನ್. ಇಬ್ಬರಿಗೂ ಹಾರ, ಶಾಲು, ಸಮೋಸ. ಸಾಹೇಬರು ಎಂದಿಗಿಂತ ಹೆಚ್ಚು ಹುರುಪಿನಲ್ಲಿದ್ದರು. ಮೈಕು ಹಿಡಿದು ಮೊದಲು ಕೇಳಿದ್ದೇ, “ದೊಡ್ಡ ವಾಚು ಯಾರದು?”

“ನನ್ನದು ಸಾಹೇಬ್!” ಎಂದು ರಾಯರು ಕೈ ಎತ್ತಿದರು.

“ಬೆಳಿಗ್ಗೆ ಕಾಶಿನಾಥನದು ಅಂದಿರಿ?”

“ಬದಲಾಯಿತು ಸಾಹೇಬ್. ಅವರೇ ಒಪ್ಪಿ ಕೊಟ್ಟಿದ್ದಾರೆ.”

“ಯೋಚನೆ ಮಾಡಿ ಹೇಳಿ. ಆಮೇಲೆ ಅದಲು ಬದಲು ನಡೆಯೋದಿಲ್ಲ.”

ಕೊನೆಯ ಗಳಿಗೆಯಲ್ಲಿ ಕೈತಪ್ಪಿಸುವ ಹುನ್ನಾರ ಇದು ಎಂದು ರಾಯರಿಗೆ ಗುಮಾನಿ ಹತ್ತಿತು. ಕುರ್ಚಿ ಬಿಟ್ಟು ಎದ್ದು ನಿಂತೇ ಬಿಟ್ಟರು. “ಪಕ್ಕಾ ಸಾಹೇಬ್! ನನ್ನದೇ! ಬೇಕಾದರೆ ಬರೆದುಕೊಡುತ್ತೇನೆ.”

ಸೃಜನ್ ಕಾಗದವನ್ನೂ ತಂದ. ರಾಯರು ಬರೆದೂ ಕೊಟ್ಟರು. ಚಪ್ಪಾಳೆ ಬಿತ್ತು. ಅವರು ಓರೆಗಣ್ಣಿನಲ್ಲಿ ಕಾಶಿನಾಥನ ಮುಖ ಬಾಡಿತೇ ಎಂದು ನೋಡಿದರು. ಅವನು ಸಮೋಸ ತಿನ್ನುತ್ತಿದ್ದ.

ಸಾಹೇಬರು ಗಂಟಲು ಸರಿಮಾಡಿಕೊಂಡರು. ಹಿಂದಿಯಲ್ಲಿ ಅವರು ಹೇಳಿದ್ದರ ಸಾರಾಂಶ ಹೀಗಿತ್ತು: ಡಾಕ್ಟರಮ್ಮ ಇಡೀ ಆಸ್ಪತ್ರೆಗೆ ನಮ್ಮ ಮಂಚವನ್ನೇ ಕೊಳ್ಳುವ ಮನಸ್ಸು ಮಾಡಿದ್ದಾರೆ. ಅವರಿಗೆ ನಿಜ ಹೇಳಿದೆ, ಮಂಚಕ್ಕೆ ಅಲಾರಾಂ ಕೂರಿಸಲು ಇನ್ನೂ ಆರು ತಿಂಗಳು ಬೇಕು ಎಂದು. ನಕ್ಕರು, ಒಪ್ಪಿದರು. ಆದರೆ ಇವತ್ತೇ ಅವರ ಕಮಿಟಿಯ ಮುಂದೆ ಮಂಚ, ವಾಚು, ಪೇಶಂಟ್ ಮೂರನ್ನೂ ತೋರಿಸಬೇಕಂತೆ. ಇದೇ ಆಟ ಠಾಣೆ, ಕಲ್ಯಾಣ, ವಸಯಿಯ ಆಸ್ಪತ್ರೆಗಳಲ್ಲೂ ಆಡಿ ಬರೋಣ. ವಾಚಿನ ಯಜಮಾನನೇ ಮಂಚದ ಮೇಲೆ ಮಲಗುವುದು ನ್ಯಾಯ. ಆರು ತಿಂಗಳು ನಮ್ಮ ರಾಯರೇ ಅಲಾರಾಂ.

ರಾಯರು ಎತ್ತಿದ ಕೈ ಇನ್ನೂ ಪೂರ್ತಿ ಇಳಿದಿರಲಿಲ್ಲ.

“ಆಫೀಸಿನಲ್ಲಿ ಹೆಡ್ ಕ್ಲರ್ಕಿನ ಕುರ್ಚಿ ಖಾಲಿ ಬಿಡೋಕಾಗೋದಿಲ್ಲ,” ಎಂದು ಸಾಹೇಬರು ಮುಂದುವರಿಸಿದರು. “ನಾಳೆಯಿಂದ ಅಲ್ಲಿ ಕಾಶಿನಾಥ.”

ಮತ್ತೆ ಚಪ್ಪಾಳೆ. ಈ ಸಲ ಜೋರಾಗಿ. ಕಾಶಿನಾಥ ಎದ್ದು ಕೈಮುಗಿದ. ಅವನ ಮಣಿಕಟ್ಟಿನಲ್ಲಿ ಸ್ಟ್ಯಾಂಡರ್ಡ್ ವಾಚು ಕಪ್ಪಗೆ ಮಿನುಗಿತು. ಎಷ್ಟು ತೆಳು, ಎಷ್ಟು ಹಗುರ, ಅಂಗಿಯ ತೋಳಿನೊಳಗೆ ಎಷ್ಟು ಸಲೀಸಾಗಿ ಸೇರಿಹೋಗುತ್ತದೆ! ಇಷ್ಟು ಚೆಂದದ ವಸ್ತು ಬೆಳಿಗ್ಗೆ ತಮ್ಮ ಕಣ್ಣಿಗೆ ಯಾಕೆ ಬೀಳಲಿಲ್ಲವೋ ರಾಯರಿಗೆ ತಿಳಿಯದು. ಹೊಟ್ಟೆಯ ಸ್ಟೋವ್ ಮತ್ತೆ ಭುಗ್ಗೆಂದಿತು.

“ಕಾಶಿನಾಥ,” ಎಂದು ಅವರು ಅವನ ತೋಳು ಹಿಡಿದು ಪಿಸುಗುಟ್ಟಿದರು, “ನೋಡ್ರಿ, ನಾ ವಿಚಾರ ಮಾಡಿದೆ. ದೊಡ್ಡದು ನಿಮ್ಮ ಕೈಗೇ ಶೋಭಿಸ್ತೈತಿ. ನೀವ ತಗೋರಿ. ನಿಜವಾಗ್ಲೂ ತಗೋರಿ!”

“ಛೇ ಛೇ,” ಎಂದ ಕಾಶಿನಾಥ. “ನೀವು ಹಿರ್ಯಾರು.”

ಐದು ಗಂಟೆಗೆ ಟೆಂಪೋ ಹೊರಟಿತು. ಹಿಂದೆ ಮಂಚ, ಮಂಚದ ಮೇಲೆ ರಾಯರು. ದಾರಿಯಲ್ಲಿ ಉರುಳಿ ಬೀಳಬಾರದೆಂದು ಗೋಡೌನಿನವರು ಎದೆಗೊಂದು, ಕಾಲಿಗೊಂದು ಬೆಲ್ಟು ಬಿಗಿದಿದ್ದರು. ಮಾಹೀಮ್ ದಾಟುವ ಹೊತ್ತಿಗೆ ಟ್ರಾಫಿಕ್ಕು ಅಂಟಿನುಂಡೆಯಂತೆ ಹೆಪ್ಪುಗಟ್ಟಿತು. ಶೈಲಾಳ ಫೋನು ಬಂತು.

“ರೀ, ನಾಕ್ ಸಲ ಮ್ಯಾಲ ಕೆಳಗ ಅಡ್ಡಾಡಿದೆ! ರಾಧಿಕಾನ ಮಾರಿ ನೋಡಬೇಕಿತ್ತು ನೀವು, ಇಷ್ಟಾಗಿತ್ತು. ಆದ್ರ ಈಗ ಮತ್ತ ಪೇಢೆ ಹಂಚಾಕತ್ತಾಳಲ್ರಿ. ‘ನಮ್ಮವರು ಹೆಡ್ ಕ್ಲರ್ಕ್ ಆದ್ರು, ನಿಮ್ಮವರನ್ನ ಹಾಸಿಗಿ ಮ್ಯಾಲ ಹಾಕ್ಕೊಂಡ್ ಆಸ್ಪತ್ರೆಗೆ ಒಯ್ದರಂತ, ಪಾಪ’ ಅಂತಾಳ. ಏನಾಗೈತ್ರಿ ನಿಮಗ?”

ರಾಯರು ಫೋನು ಎದೆಯ ಮೇಲಿಟ್ಟು ಆಕಾಶ ನೋಡಿದರು. ಅಷ್ಟರಲ್ಲಿ ದೊಡ್ಡ ವಾಚು ಮಣಿಕಟ್ಟನ್ನು ಎರಡು ಸಲ ತಟ್ಟಿತು. ಕತ್ತು ಹೊರಳಿಸಿ ಓದಿದರು. ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ, ಅದು ಬುದ್ಧಿ ಹೇಳುತ್ತಿತ್ತು: ನೀವು ತುಂಬಾ ಹೊತ್ತಿನಿಂದ ಬಿದ್ದುಕೊಂಡಿದ್ದೀರಿ, ಎದ್ದು ಸ್ವಲ್ಪ ಓಡಾಡಿ.